ಊಹೆಯ ವ್ಯಾಕರಣ ಮತ್ತು ವಚನದ ಕ್ರಿಯಾಪದ

'ಬಂದನು' ಎಂಬ ಪದಕ್ಕೂ 'ಬಂದಾನು' ಎಂಬ ಪದಕ್ಕೂ ಉಚ್ಚಾರಣೆಯಲ್ಲಿರುವ ಅಂತರ ಒಂದೇ ಒಂದು ಮಾತ್ರೆಯದು. ಅರ್ಥದಲ್ಲಿರುವ ಅಂತರವಾದರೋ ಕಂಡವನಿಗೂ ಕಾಣದವನಿಗೂ ಇರುವಷ್ಟು. ಮೊದಲನೆಯದನ್ನು ನುಡಿಯುವವನು ಬಂದವನನ್ನು ನೋಡಿದ್ದಾನೆ, ಇಲ್ಲವೆ ನೋಡಿದವನ ನಿಶ್ಚಯದಿಂದ ಮಾತನಾಡುತ್ತಿದ್ದಾನೆ. ಎರಡನೆಯದನ್ನು ನುಡಿಯುವವನು ಇನ್ನೂ ಬಾಗಿಲ ಕಡೆಗೆ ಮುಖ ಮಾಡಿ ಕುಳಿತಿದ್ದಾನೆ. ಶಾಲಾ ವ್ಯಾಕರಣಗಳು ಈ ರೂಪವನ್ನು ವಿಧ್ಯರ್ಥಕ, ನಿಷೇಧಾರ್ಥಕಗಳ ಜೊತೆಯಲ್ಲಿ ಸಂಭಾವನಾರ್ಥಕವೆಂದು ಕಲಿಸುತ್ತವೆ. ಮಕ್ಕಳು 'ಬಂದಾನು, ಬಂದಾಳು, ಬಂದಾರು, ಬಂದೀತು' ಎಂದು ಒಪ್ಪಿಸಿ ಮುಂದಿನ ಪಾಠಕ್ಕೆ ಹೋಗುತ್ತಾರೆ. ಆ ಉಪೇಕ್ಷೆ ಶಾಲೆಯಲ್ಲಿಯೇ ಉಳಿದಿದ್ದರೆ ಚಿಂತೆಯಿರಲಿಲ್ಲ. ವಚನಗಳ ವಿಮರ್ಶೆಯಲ್ಲಿಯೂ ಅದು ಬೇರೂರಿದೆ. ಅಂಗ, ಲಿಂಗ, ಬಯಲು, ಅರಿವು ಮೊದಲಾದ ನಾಮಪದಗಳಿಗೆ ಪುಟಗಟ್ಟಲೆ ವ್ಯಾಖ್ಯಾನ ದೊರೆಯುತ್ತದೆ. ವಾಕ್ಯದ ಕೊನೆಯಲ್ಲಿ ಕುಳಿತಿರುವ ಕ್ರಿಯಾಪದದ ಪ್ರತ್ಯಯವನ್ನು ಕೇಳುವವರು ವಿರಳ. ಶರಣನು ಕಂಡುದನ್ನು ಹೇಳುತ್ತಿದ್ದಾನೆಯೋ, ಕೇಳಿದುದನ್ನೋ, ತರ್ಕಿಸಿ ತಿಳಿದುದನ್ನೋ ಎಂಬುದು ತಿಳಿಯಬೇಕಾದರೆ ನೋಡಬೇಕಾದ ಜಾಗವೇ ಅದು.

ತರ್ಕಶಾಸ್ತ್ರದ ಒಂದು ಹಳೆಯ ಉದಾಹರಣೆಯಿಂದ ಈ ವಿಚಾರವನ್ನು ಆರಂಭಿಸುವುದು ಅನುಕೂಲ. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನು ಒಂದೇ ಬೆಂಕಿಯನ್ನು ಮೂರು ಪ್ರಮಾಣಗಳಿಂದ ತಿಳಿಯುವ ಮನುಷ್ಯನೊಬ್ಬನ ಪ್ರಸಂಗವನ್ನು ತರುತ್ತಾನೆ. ಇಂಥ ಕಡೆ ಬೆಂಕಿಯಿದೆಯೆಂದು ನಂಬತಕ್ಕವನೊಬ್ಬನು ಹೇಳುತ್ತಾನೆ. ಕೇಳಿದವನು ಅತ್ತ ನಡೆಯುತ್ತಾನೆ, ಹೊಗೆಯನ್ನು ಕಂಡು ಬೆಂಕಿಯನ್ನು ಅನುಮಾನದಿಂದ ತಿಳಿಯುತ್ತಾನೆ. ಇನ್ನೂ ಹತ್ತಿರ ಹೋದ ಮೇಲೆ ಕಣ್ಣಾರೆ ಕಾಣುತ್ತಾನೆ. ಕಂಡ ಮೇಲೆ ತಿಳಿಯಬೇಕೆಂಬ ಹಂಬಲ ಅಡಗುತ್ತದೆ, ಮತ್ತೊಂದು ಪ್ರಮಾಣವನ್ನು ಅವನು ಹುಡುಕುವುದಿಲ್ಲ. ಈ ಮೂರು ಮೆಟ್ಟಿಲುಗಳನ್ನು ಶಾಸ್ತ್ರಕಾರರು ಶಬ್ದ, ಅನುಮಾನ, ಪ್ರತ್ಯಕ್ಷ ಎಂಬ ಮೂರು ಹೆಸರುಗಳಿಂದ ವಿಂಗಡಿಸಿದರು. ಹೊಲಕ್ಕೆ ಹೊರಟ ಕನ್ನಡಿಗನಿಗೆ ಆ ಹೆಸರುಗಳ ಹಂಗೇ ಇಲ್ಲ. ಅವನು ಮೊದಲು 'ಅಲ್ಲಿ ಬೆಂಕಿ ಇದೆಯಂತೆ' ಎನ್ನುತ್ತಾನೆ. ಹೊಗೆ ಕಂಡಾಗ 'ಬೆಂಕಿ ಇರಬೇಕು' ಎನ್ನುತ್ತಾನೆ. ಹತ್ತಿರ ಹೋದ ಮೇಲೆ 'ಇದೆ' ಎಂದು ಬಿಡುತ್ತಾನೆ. ಹೊಗೆಯೂ ಕಾಣದೆ, ಹೇಳಿದವನೂ ಇಲ್ಲದೆ ಬರಿಯ ಶಂಕೆ ಸುಳಿದಾಗ ಅವನ ಬಾಯಲ್ಲಿ ಬರುವುದು 'ಇದ್ದೀತು' ಎಂಬ ನಾಲ್ಕನೆಯ ರೂಪ. ಪ್ರಮಾಣಶಾಸ್ತ್ರವೆಲ್ಲ ಕ್ರಿಯಾಪದದ ಬಾಲದಲ್ಲಿ ಅಡಗಿದೆ.

ಇದರಲ್ಲಿ 'ಇರಬೇಕು' ಎಂಬ ರೂಪವು ವಿಶೇಷ ವಿಚಾರಕ್ಕೆ ಯೋಗ್ಯವಾಗಿದೆ. 'ಬೇಕು' ಎಂಬುದು ಮೂಲತಃ ಅಗತ್ಯವನ್ನೂ ಅಪೇಕ್ಷೆಯನ್ನೂ ಹೇಳುವ ಪದ. ಶಿಷ್ಯನು ಗುರುವಿನ ಬಳಿ ಇರಬೇಕು ಎಂದರೆ ಅದು ಕರ್ತವ್ಯ. ಹೊಗೆಯಿದ್ದ ಮೇಲೆ ಬೆಂಕಿ ಇರಬೇಕು ಎಂದಾಗ ಕರ್ತವ್ಯವು ಬೆಂಕಿಯದಲ್ಲ, ನೋಡುವವನ ಮನಸ್ಸಿನದು. ಹೊಗೆಯನ್ನು ಒಪ್ಪಿದವನು ಬೆಂಕಿಯನ್ನು ಒಪ್ಪಲೇಬೇಕಾಗುತ್ತದೆ. ತಾರ್ಕಿಕರು ವ್ಯಾಪ್ತಿಯೆಂದು ಕರೆಯುವ ನಿಯತ ಸಂಬಂಧದ ಬಲವಂತವನ್ನು ಕನ್ನಡವು ಇಷ್ಟು ಸಣ್ಣ ಪದದಲ್ಲಿ ಹಿಡಿದಿದೆ. 'ಇರಬಹುದು' ಎಂಬಲ್ಲಿ ಆ ಬಲವಂತವಿಲ್ಲ, ಅವಕಾಶ ಮಾತ್ರ ಉಂಟು. ಆದುದರಿಂದಲೇ ಅಪ್ಪಣೆ ಕೊಡುವುದಕ್ಕೂ ಸಾಧ್ಯತೆಯನ್ನು ಸೂಚಿಸುವುದಕ್ಕೂ 'ಬಹುದು' ಒಂದೇ ಸಾಕಾಗಿದೆ.

ಪದಗಳ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ತರ್ಕಶಾಸ್ತ್ರದಲ್ಲಿ ಅನುಮಾನವೆಂಬುದು ಯಥಾರ್ಥಜ್ಞಾನದ ಸಾಧನ. ಇಂದಿನ ಕನ್ನಡದಲ್ಲಿ ಅನುಮಾನವೆಂದರೆ ಸಂದೇಹ. 'ಅನುಮಾನವೇ ಇಲ್ಲ' ಎಂದು ಖಂಡಿತವಾಗಿ ಹೇಳುವ ಭಾಷೆಯನ್ನಾಡುವ ವಿದ್ಯಾರ್ಥಿಗೆ ಅನುಮಾನವೂ ಒಂದು ಪ್ರಮಾಣವೆಂದು ಬೋಧಿಸುವುದು ಎಷ್ಟು ಕಷ್ಟವೆಂಬುದು ತರಗತಿಯಲ್ಲಿ ನಿಂತವರಿಗೆ ಗೊತ್ತು. 'ಊಹೆ'ಯ ಕಥೆ ಇನ್ನೂ ವಿಚಿತ್ರ. ಪತಂಜಲಿಯು ಮಹಾಭಾಷ್ಯದಲ್ಲಿ ವ್ಯಾಕರಣಾಧ್ಯಯನದ ಐದು ಪ್ರಯೋಜನಗಳನ್ನು ಎಣಿಸುವಾಗ ರಕ್ಷೆಯ ಅನಂತರ ಊಹವನ್ನು ಹೇಳುತ್ತಾನೆ, ಕೊನೆಯಲ್ಲಿ ಅಸಂದೇಹವನ್ನು. ಅಲ್ಲಿ ಊಹವೆಂದರೆ ಕಣ್ಣಿಗೆ ಕಾಣದುದನ್ನು ಕಲ್ಪಿಸುವುದಲ್ಲ. ಮಂತ್ರದಲ್ಲಿ ಹೇಳದ ಲಿಂಗವನ್ನೂ ವಿಭಕ್ತಿಯನ್ನೂ ಕರ್ಮಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳುವುದು. ವ್ಯಾಕರಣ ಬಲ್ಲವನಿಗೆ ಮಾತ್ರ ಊಹಿಸುವ ಅಧಿಕಾರವಿತ್ತೆಂದಾಯಿತು. ಈ ನಿಯಮವನ್ನು ನಮ್ಮ ಕಾಲದ ಸಂಶೋಧನೆಗೂ ಅನ್ವಯಿಸಿದ್ದರೆ ಎಷ್ಟೋ ಪುಸ್ತಕಗಳು ತೆಳ್ಳಗಾಗುತ್ತಿದ್ದವು.

ವೀರಶೈವ ವಾಚಕರಿಗೆ ಇದಕ್ಕಿಂತ ಮುಖ್ಯವಾದುದು 'ಲಿಂಗ' ಶಬ್ದ. ವೈಯಾಕರಣರಿಗೆ ಲಿಂಗವೆಂದರೆ ಪುಂ, ಸ್ತ್ರೀ, ನಪುಂಸಕ. ತಾರ್ಕಿಕರಿಗೆ ಲಿಂಗವೆಂದರೆ ಹೇತು. ಬೆಂಕಿಯನ್ನು ತಿಳಿಸಿಕೊಡುವ ಹೊಗೆಯೇ ಲಿಂಗ, ಬೆಂಕಿ ಲಿಂಗಿ. ಎಲ್ಲಿ ಲಿಂಗಿಯು ಕಣ್ಣಿಗೆ ಕಾಣುವುದಿಲ್ಲವೋ ಅಲ್ಲಿ ಮಾತ್ರ ಲಿಂಗಕ್ಕೆ ಕೆಲಸ. ಶರಣರು ಇದೇ ಶಬ್ದವನ್ನು ಅಂಗೈಯ ಮೇಲಿನ ಇಷ್ಟಲಿಂಗಕ್ಕೆ ಹೇಳುತ್ತಾರೆ, ಅದನ್ನು ಅರಿವಿನ ಕುರುಹು ಎಂದೂ ಕರೆಯುತ್ತಾರೆ. ಕುರುಹು ಎಂಬುದು ತಾರ್ಕಿಕರ ಲಿಂಗ ಶಬ್ದಕ್ಕೆ ಸರಿಯಾದ ಕನ್ನಡ ಪದ. ಹಾಗಾದರೆ ಇಷ್ಟಲಿಂಗವು ಹೊಗೆಯ ಸ್ಥಾನದಲ್ಲಿದೆಯೇ? ಅದನ್ನು ಹಿಡಿದವನು ದೂರದ ಬೆಂಕಿಯನ್ನು ಊಹಿಸುತ್ತಿದ್ದಾನೆಯೇ? ಅಲ್ಲಮಪ್ರಭುದೇವರ ವಚನಗಳಲ್ಲಿ ಕುರುಹು ಮತ್ತು ಅರಿವುಗಳ ಜಿಜ್ಞಾಸೆ ಮತ್ತೆ ಮತ್ತೆ ತಲೆಯೆತ್ತುವುದು ಈ ಪ್ರಶ್ನೆಯ ಸುತ್ತಲೇ. ಕುರುಹನ್ನು ಹಿಡಿದು ಅರಿವನ್ನು ಮರೆತವರನ್ನು ಅವರು ಕಟುವಾಗಿ ಟೀಕಿಸುತ್ತಾರೆ. ಟೀಕೆಯ ಗುರಿ ಕುರುಹಲ್ಲ. ಹೊಗೆಯನ್ನು ಕಂಡು ಅಲ್ಲಿಯೇ ಕುಳಿತುಬಿಟ್ಟ ಅನುಮಾನಿಯೇ ಅದರ ಗುರಿ. ವಾತ್ಸ್ಯಾಯನನ ಮನುಷ್ಯನಾದರೂ ನಡೆಯುತ್ತ ಹೋದನು. ಮತ್ತೊಂದು ವ್ಯತ್ಯಾಸವನ್ನೂ ಗಮನಿಸಬೇಕು. ಹೊಗೆಗೂ ಬೆಂಕಿಗೂ ನಡುವೆ ದಾರಿಯಿದೆ. ಅಂಗೈಯಲ್ಲಿರುವ ಲಿಂಗಕ್ಕೂ ಅದು ಸೂಚಿಸುವ ವಸ್ತುವಿಗೂ ನಡುವೆ ದೂರವಿಲ್ಲವೆಂಬುದು ಶರಣರ ನಿಲುವು. ತರ್ಕಶಾಸ್ತ್ರದ ಶಬ್ದವನ್ನು ಅವರು ಒಪ್ಪಿಕೊಂಡರು, ಅದರಲ್ಲಿದ್ದ ದೂರವನ್ನು ಒಪ್ಪಲಿಲ್ಲ.

ಈ ನಿಲುವು ವ್ಯಾಕರಣದಲ್ಲಿ ಹೇಗೆ ಪ್ರಕಟವಾಗುತ್ತದೆ ಎಂಬುದಕ್ಕೆ ಬಸವಣ್ಣನವರ ಒಂದು ಪುಟ್ಟ ವಚನ ಸಾಕು. ನೀರಿನಲ್ಲಿ ಅಡಗಿದ ಬೆಂಕಿ, ಎಳೆಯ ಗಿಡದಲ್ಲಿ ಅಡಗಿದ ರುಚಿ, ಅರಳದ ಮೊಗ್ಗೆಯಲ್ಲಿ ಅಡಗಿದ ಕಂಪು, ಕನ್ಯೆಯ ಎದೆಯಲ್ಲಿ ಅಡಗಿದ ಒಲವು ಎಂಬ ನಾಲ್ಕು ಹೋಲಿಕೆಗಳ ಆ ವಚನವನ್ನು ಅರಿಯದ ಕನ್ನಡ ವಿದ್ಯಾರ್ಥಿಯಿಲ್ಲ. ಹೋಲಿಕೆಗಳ ಸೊಬಗನ್ನು ಎಲ್ಲರೂ ಮೆಚ್ಚಿದ್ದಾರೆ. ನಾಲ್ಕೂ ಇಂದ್ರಿಯಕ್ಕೆ ಸಿಕ್ಕದ ವಸ್ತುಗಳೆಂಬುದನ್ನೂ ಹಲವರು ಹೇಳಿದ್ದಾರೆ. ಮೊಗ್ಗೆಯನ್ನು ಮೂಸಿದರೆ ಕಂಪಿಲ್ಲ, ಗಿಡವನ್ನು ಅಗಿದರೆ ಹಣ್ಣಿನ ರುಚಿಯಿಲ್ಲ. ಇಂಥವುಗಳ ಬಗೆಗೆ ಲೋಕದ ಮನುಷ್ಯನು 'ಇದ್ದೀತು' ಎಂದಾನು, ಹೆಚ್ಚೆಂದರೆ 'ಇರಬೇಕು' ಎಂದಾನು. ಬಸವಣ್ಣನವರು ನಾಲ್ಕು ಸಲವೂ ಬಳಸುವ ಕ್ರಿಯಾಪದ 'ಇದ್ದಿತ್ತು'. ಸಂಭಾವನೆಯಿಲ್ಲ, ವರ್ತಮಾನವೂ ಇಲ್ಲ, ನಿಶ್ಚಯವಾದ ಭೂತಕಾಲ.

ಈ ಭೂತಕಾಲ ಏಕೆ? ಒಂದು ವೇಳೆ ವರ್ತಮಾನದಲ್ಲಿ ಹೇಳಿದ್ದರೆ ವಚನವು ತತ್ತ್ವದ ಪ್ರತಿಪಾದನೆಯಾಗುತ್ತಿತ್ತು. ಸಂಭಾವನೆಯಲ್ಲಿ ಹೇಳಿದ್ದರೆ ಹಂಬಲವಾಗುತ್ತಿತ್ತು. ಭೂತಕಾಲದಲ್ಲಿ ಹೇಳಿದುದರಿಂದ ನುಡಿಯುವವನು ನಿಂತಿರುವ ಜಾಗ ಗೊತ್ತಾಗುತ್ತದೆ. ಅವನು ಹೂವು ಅರಳಿದ ಮೇಲೆ ನಿಂತು ಮೊಗ್ಗೆಯ ಕಡೆಗೆ ತಿರುಗಿ ನೋಡುತ್ತಿದ್ದಾನೆ. ನ್ಯಾಯಸೂತ್ರಗಳು ಅನುಮಾನವನ್ನು ಪೂರ್ವವತ್, ಶೇಷವತ್, ಸಾಮಾನ್ಯತೋದೃಷ್ಟ ಎಂದು ಮೂರಾಗಿ ವಿಂಗಡಿಸುತ್ತವೆ. ಕಾರ್ಮೋಡವನ್ನು ಕಂಡು ಮಳೆ ಬಂದೀತೆಂದು ತಿಳಿಯುವುದು ಪೂರ್ವವತ್; ತುಂಬಿ ಹರಿಯುವ ಹೊಳೆಯನ್ನು ಕಂಡು ಮೇಲುಗಡೆ ಮಳೆಯಾಗಿದೆಯೆಂದು ತಿಳಿಯುವುದು ಶೇಷವತ್. ಮೊಗ್ಗೆಯನ್ನು ನೋಡಿ ಕಂಪು ಬಂದೀತೆನ್ನುವವನು ಮೊದಲನೆಯ ದಾರಿಯಲ್ಲಿದ್ದಾನೆ. ಬಸವಣ್ಣನವರ 'ಇದ್ದಿತ್ತು' ಎರಡನೆಯ ದಾರಿಯದು. ಹೊಳೆ ಆಗಲೇ ಬಂದು ಅವರ ಕಾಲನ್ನು ತೋಯಿಸಿದೆ. ಅಂತರಂಗದಲ್ಲಿ ಏನು ಅರಳಿತೆಂಬುದನ್ನು ವಚನವು ಹೇಳುವುದಿಲ್ಲ. ಮೊದಲೇ ಅದು ಇದ್ದಿತ್ತೆಂಬುದನ್ನು ಮಾತ್ರ ಹೇಳಿ, ಅರಳಿದುದನ್ನು ಓದುಗನ ಊಹೆಗೆ ಬಿಡುತ್ತದೆ. ಈ ವಚನವನ್ನು 'ದೇವರು ಎಲ್ಲರಲ್ಲಿಯೂ ಗುಪ್ತವಾಗಿದ್ದಾನೆ' ಎಂಬ ಒಂದು ವಾಕ್ಯಕ್ಕೆ ಇಳಿಸಿ ಬರೆಯುವ ಸಾರಾಂಶಗಳು ಆ ಭೂತಕಾಲವನ್ನು ಕಳೆದುಕೊಂಡ ಮೇಲೆ ಉಳಿಯುವುದೇನು? ಎಲ್ಲ ಮತಗಳಲ್ಲಿಯೂ ದೊರೆಯುವ ಒಂದು ಸಾಮಾನ್ಯ ಮಾತು.

ಹೋಲಿಕೆಯ 'ಅಂತೆ'ಯ ಬಗೆಗೂ ಒಂದು ಮಾತು. ನಾಮಪದದ ಮೇಲೆ ಬಂದಾಗ ಅದು ಹೋಲಿಕೆ, ಪೂರ್ಣಕ್ರಿಯಾಪದದ ಮೇಲೆ ಬಂದಾಗ ವದಂತಿ. ಹೂವಿನಂತೆ ಎಂದರೆ ಹೂವಲ್ಲ. ಬಂದನಂತೆ ಎಂದರೆ ನೋಡಿದವನು ತಾನಲ್ಲ. ಎರಡರ ವ್ಯುತ್ಪತ್ತಿ ಬೇರೆ ಬೇರೆಯಾಗಿರಬಹುದು. ಬಳಕೆಯಲ್ಲಿ ಎರಡೂ ಹೇಳುವವನಿಗೂ ವಸ್ತುವಿಗೂ ನಡುವೆ ಒಂದು ಅಂತರವನ್ನಿಡುತ್ತವೆ. ನಾಲ್ಕು ಸಲ 'ಅಂತೆ' ಎಂದು ಅಂತರವನ್ನಿಟ್ಟು, ಅದರ ಬೆನ್ನಿಗೇ ನಾಲ್ಕು ಸಲ 'ಇದ್ದಿತ್ತು' ಎಂದು ಆ ಅಂತರವನ್ನು ಅಳಿಸುವ ನಡೆ ಈ ವಚನದ ಜೀವಾಳ.

ಅಕ್ಕಮಹಾದೇವಿಯವರ ಕನಸಿನ ವಚನದಲ್ಲಿ ಇದೇ ವಿಷಯ ಬೇರೊಂದು ಬಗೆಯಲ್ಲಿದೆ. ಗೆಳತಿಯನ್ನು ಕರೆದು ಕನಸನ್ನು ಹೇಳುವ ಆ ವಚನದಲ್ಲಿ ಅಕ್ಕಿ, ಅಡಕೆ, ತೆಂಗಿನಕಾಯಿಗಳು ಕಾಣಿಸಿಕೊಳ್ಳುತ್ತವೆ. ಭಿಕ್ಷೆಗೆ ಬಂದ ಜಡೆಯ ಗೊರವನೊಬ್ಬನು ಕಾಣಿಸಿಕೊಳ್ಳುತ್ತಾನೆ. ಹೊರಟುಹೋಗುವವನ ಹಿಂದೆ ಹೋಗಿ ಆಕೆ ಕೈ ಹಿಡಿಯುತ್ತಾಳೆ. ಮದುವೆಯೆಂಬ ಮಾತನ್ನು ವಚನವು ಆಡುವುದಿಲ್ಲ. ಮದುವೆಯ ಲಿಂಗಗಳನ್ನು, ಎಂದರೆ ಕುರುಹುಗಳನ್ನು, ಮುಂದಿಟ್ಟು ಗೆಳತಿಯೇ ಊಹಿಸಲೆಂದು ಬಿಡುತ್ತದೆ. ತನ್ನ ಪಾಲಿಗೆ ಮಾತ್ರ ಆಕೆ ಊಹೆಯ ಯಾವ ಪ್ರತ್ಯಯವನ್ನೂ ಇಟ್ಟುಕೊಳ್ಳುವುದಿಲ್ಲ. ಎಲ್ಲವೂ 'ಕಂಡೆ'.

ಕನಸಿನಲ್ಲಿ ನಡೆದುದನ್ನು ಹೀಗೆ ಹೇಳಬಹುದೇ ಎಂಬುದು ವೈಯಾಕರಣರಲ್ಲಿ ಹಳೆಯ ಚರ್ಚೆ. ವಕ್ತೃವಿಗೆ ಪರೋಕ್ಷವಾದ ಭೂತಕಾಲಕ್ಕೆ ಪಾಣಿನಿಯು ಲಿಟ್ ಎಂಬ ಲಕಾರವನ್ನು ವಿಧಿಸಿದನು. ತಾನೇ ಮಾಡಿದ ಕಾರ್ಯ ತನಗೆ ಪರೋಕ್ಷವಾಗುವುದೆಂತು, ಉತ್ತಮಪುರುಷದಲ್ಲಿ ಲಿಟ್ ಬಳಸುವ ಸಂದರ್ಭವೆಲ್ಲಿ ಎಂಬ ಪ್ರಶ್ನೆಗೆ ವ್ಯಾಖ್ಯಾನಕಾರರು ಕೊಡುವ ಉತ್ತರ ಸ್ವಾರಸ್ಯವಾಗಿದೆ: ನಿದ್ರಿಸುತ್ತಿದ್ದವನಿಗೆ, ಮತ್ತೇರಿದ್ದವನಿಗೆ ತನ್ನ ಕಾರ್ಯವೇ ಪರೋಕ್ಷ. ಕನ್ನಡಿಗರಲ್ಲಿಯೂ 'ನಿನ್ನೆ ರಾತ್ರಿ ನಿದ್ದೆಯಲ್ಲಿ ಕೂಗಿಕೊಂಡೆನಂತೆ' ಎನ್ನುವ ರೂಢಿಯಿದೆ. ಕೂಗಿದವನು ತಾನೇ, ಸಾಕ್ಷಿ ಮಾತ್ರ ಮನೆಯವರು. ಅಕ್ಕನ ವಚನದಲ್ಲಿ ಈ 'ಅಂತೆ' ಇಲ್ಲ. ನಿದ್ರೆಯು ಆಕೆಗೆ ಪರೋಕ್ಷವಲ್ಲ. ಆಕೆ ಕನಸನ್ನು ಹೇಳುತ್ತಿಲ್ಲ, ದರ್ಶನವನ್ನು ಹೇಳುತ್ತಿದ್ದಾಳೆ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗಿಲ್ಲ. ವಚನದ ಕೊನೆಯಲ್ಲಿ ಚೆನ್ನಮಲ್ಲಿಕಾರ್ಜುನನನ್ನು ಕಂಡು ಕಣ್ದೆರೆದ ಮಾತು ಬರುತ್ತದೆ. ಎಚ್ಚರವಾಯಿತೆಂದೂ ಅರ್ಥ, ಕಣ್ಣು ಬಂದಿತೆಂದೂ ಅರ್ಥ. ಎರಡರಲ್ಲಿ ಒಂದನ್ನೇ ಆರಿಸಬೇಕೆಂಬ ಹಟ ಓದುಗನಿಗೆ ಏಕೆ?

ಕನ್ನಡದ 'ಕಾಣು' ಧಾತುವಿನ ವ್ಯಾಪ್ತಿ ಇಲ್ಲಿ ಸಹಾಯಕ್ಕೆ ಬಂದಿದೆ. 'ಕಂಡೆ' ಎಂದರೆ ಇದಕ್ಕಿಂತ ಮಿಗಿಲಾದ ನಿಶ್ಚಯವಿಲ್ಲ. ಅದೇ ಧಾತುವನ್ನು 'ಮಳೆ ಬರುವಂತೆ ಕಾಣುತ್ತದೆ' ಎಂದರೆ ಅದು ಕೇವಲ ತರ್ಕ. ಕರ್ತೃವು ನೋಡುವವನಾದಾಗ ಪ್ರತ್ಯಕ್ಷ, ವಸ್ತುವೇ ಕರ್ತೃವಾದಾಗ ಊಹೆ. ವಿಮರ್ಶೆಯ ಲೇಖನಗಳಲ್ಲಿ 'ಎಂದು ಕಾಣುತ್ತದೆ', 'ಎಂದು ತೋರುತ್ತದೆ' ಎಂಬ ಪ್ರಯೋಗಗಳು ಹೇರಳ. ಯಾರಿಗೆ ಕಾಣುತ್ತದೆ, ಯಾವುದರಿಂದ ತೋರುತ್ತದೆ ಎಂಬುದನ್ನು ಹೇಳದೆ ಬಿಡುವುದಕ್ಕೆ ಇದು ಅನುಕೂಲವಾದ ವಾಕ್ಯರಚನೆ.

ಬೆಡಗಿನ ವಚನಗಳ ವಿಷಯ ಬೇರೆಯೇ ಒಂದು ಲೇಖನವನ್ನು ಬೇಡುತ್ತದೆ. ಊಹಿಸಲೆಂದೇ ಕಟ್ಟಿದ ಆ ವಚನಗಳಿಗೆ ನಂತರದ ಟೀಕಾಕಾರರು 'ಇದೆಂದರೆ ಇದು' ಎಂದು ಪದಪದಕ್ಕೂ ಬೀಗದ ಕೈ ಮಾಡಿಕೊಟ್ಟರು. ಅವರ ಉಪಕಾರ ದೊಡ್ಡದು. ಓದುಗನ ಊಹೆಗೆ ಕೆಲಸವಿಲ್ಲದಂತಾದುದೂ ಅವರಿಂದಲೇ.

ವಚನಕಾರರು ತಮ್ಮ ಕ್ರಿಯಾಪದಗಳಲ್ಲಿ ತೋರಿಸಿದ ಎಚ್ಚರ ಅವರನ್ನು ಕುರಿತು ಬರೆಯುವವರಲ್ಲಿ ಕಾಣಬರುವುದಿಲ್ಲವೆಂಬುದು ಖೇದದ ಸಂಗತಿ. ಅಕ್ಕಮಹಾದೇವಿಯವರ ವಿವಾಹದ ಪ್ರಶ್ನೆಯನ್ನೇ ತೆಗೆದುಕೊಳ್ಳಬಹುದು. ಹರಿಹರನ ರಗಳೆಯಲ್ಲಿ ಆಕೆ ಷರತ್ತುಗಳನ್ನೊಡ್ಡಿ ಕೌಶಿಕನನ್ನು ವರಿಸುತ್ತಾಳೆ, ಷರತ್ತು ಮುರಿದಾಗ ಹೊರಟುಬರುತ್ತಾಳೆ. 15ನೆಯ ಶತಮಾನದ ಚಾಮರಸನ ಪ್ರಭುಲಿಂಗಲೀಲೆಯಲ್ಲಿ ವಿವಾಹವೇ ನಡೆಯುವುದಿಲ್ಲ. ಎರಡೂ ಕಡೆಯವರು ವಚನಗಳಿಂದಲೇ ಹೇತುವನ್ನು ತೆಗೆಯುತ್ತಾರೆ. ಲೌಕಿಕ ಗಂಡಂದಿರನ್ನು ಆಕೆ ನಿರಾಕರಿಸಿ ನುಡಿದಿರುವುದರಿಂದ ವಿವಾಹವಾಗಿತ್ತೆಂದು ಒಬ್ಬರು, ಚೆನ್ನಮಲ್ಲಿಕಾರ್ಜುನನನ್ನೇ ಪತಿಯೆಂದಿರುವುದರಿಂದ ಆಗಿರಲಿಲ್ಲವೆಂದು ಮತ್ತೊಬ್ಬರು. ಮದುವೆಯಾಗಿ ಬಿಟ್ಟುಬಂದವಳೂ ಹಾಗೆ ನುಡಿದಾಳು, ಮದುವೆಯನ್ನೇ ಒಲ್ಲದವಳೂ ಹಾಗೆ ನುಡಿದಾಳು. ಸಾಧ್ಯವಿದ್ದ ಕಡೆಯಲ್ಲಿಯೂ ಇಲ್ಲದ ಕಡೆಯಲ್ಲಿಯೂ ಇರುವ ಹೇತುವನ್ನು ತಾರ್ಕಿಕರು ಸವ್ಯಭಿಚಾರವೆಂದು ಕರೆದು ಹೇತ್ವಾಭಾಸಗಳ ಗುಂಪಿಗೆ ಸೇರಿಸುತ್ತಾರೆ. ಅದು ಹೊಗೆಯಲ್ಲ, ಧೂಳು. ಈ ಹೇತುವಿನ ಬಲದ ಮೇಲೆ ಬರೆಯಬಹುದಾದ ಕ್ರಿಯಾಪದ 'ಆಗಿದ್ದಿರಬಹುದು' ಎಂಬುದು ಮಾತ್ರ. ಪಠ್ಯಪುಸ್ತಕಕ್ಕೆ ಇಳಿಯುವ ವೇಳೆಗೆ ಅದು 'ಆಗಿತ್ತು' ಎಂದಾಗುತ್ತದೆ, ಪ್ರಶ್ನಪತ್ರಿಕೆಗೆ ಇಳಿಯುವ ವೇಳೆಗೆ ಎರಡು ಅಂಕದ ಉತ್ತರವಾಗುತ್ತದೆ.

ಶೂನ್ಯಸಂಪಾದನೆಗಳ ಬಗೆಗೂ ಇದೇ ಮಾತು. 12ನೆಯ ಶತಮಾನದ ವಚನಗಳನ್ನು ಸುಮಾರು ಮೂರು ಶತಮಾನಗಳ ಅನಂತರ ಸಂವಾದದ ರೂಪದಲ್ಲಿ ಜೋಡಿಸಿದ ಮಹಾಕೃತಿ ಅದು. ಶಿವಗಣಪ್ರಸಾದಿ ಮಹಾದೇವಯ್ಯನವರಿಂದ ಮೊದಲ್ಗೊಂಡು ಗೂಳೂರ ಸಿದ್ಧವೀರಣ್ಣೊಡೆಯರವರೆಗೆ ಸಂಕಲನಕಾರರು ಆ ಜೋಡಣೆಯನ್ನು ಬದಲಿಸುತ್ತ, ಬೆಳೆಸುತ್ತ ಬಂದರು. ಇಂಥ ವಚನವನ್ನು ಅಲ್ಲಮಪ್ರಭುದೇವರು ಅಕ್ಕನ ಇಂಥ ಮಾತಿಗೆ ಉತ್ತರವಾಗಿಯೇ ಹೇಳಿದರೆಂಬುದು ಸಂಕಲನಕಾರರ ಪ್ರತಿಭಾಪೂರ್ಣವಾದ ಊಹೆ. ಅದನ್ನು ಊಹೆಯೆಂದರೆ ಕೃತಿಯ ಗೌರವಕ್ಕೆ ಕುಂದಿಲ್ಲ. ವರದಿಯೆಂದರೆ ಕುಂದು, ಏಕೆಂದರೆ ಸಂಕಲನಕಾರರ ಪ್ರತಿಭೆಯೇ ಆಗ ಮರೆಯಾಗುತ್ತದೆ.

ಓಲೆಗರಿಗಳನ್ನು ಓದಿದವರಿಗೆ ಇನ್ನೊಂದು ತೊಡಕು ಪರಿಚಿತ. ಅನೇಕ ಹಸ್ತಪ್ರತಿಗಳಲ್ಲಿ ಇಕಾರ, ಎಕಾರ, ಒಕಾರಗಳ ಹ್ರಸ್ವದೀರ್ಘ ಭೇದವನ್ನು ಲಿಪಿಕಾರರು ಸ್ಪಷ್ಟವಾಗಿ ತೋರಿಸಿಲ್ಲ. 'ಬಂದಿತು' ಎಂದಿದೆಯೋ 'ಬಂದೀತು' ಎಂದಿದೆಯೋ ಎಂಬುದನ್ನು ಅಂಥ ಗರಿ ಹೇಳುವುದಿಲ್ಲ. ನಡೆದ ಕಾರ್ಯ ಮತ್ತು ನಡೆಯಬಹುದಾದ ಕಾರ್ಯ ಎರಡೂ ಒಂದೇ ಅಕ್ಷರಗಳಲ್ಲಿ ಮಲಗಿರುತ್ತವೆ. 'ಇದ್ದಿತ್ತು' ಎಂಬಲ್ಲಿ ತಕಾರದ ದ್ವಿತ್ವವು ಕಾವಲು ನಿಂತಿರುವುದರಿಂದ ಬಸವಣ್ಣನವರ ವಚನಕ್ಕೆ ಈ ಅಪಾಯವಿಲ್ಲ. ದ್ವಿತ್ವವಿಲ್ಲದ ಕಡೆಗಳಲ್ಲಿ ಅಚ್ಚಿನ ಪುಸ್ತಕದ ದೀರ್ಘವು ಸಂಪಾದಕನ ನಿರ್ಣಯ. ಅಡಿಟಿಪ್ಪಣಿಯಲ್ಲಿ ಪಾಠಾಂತರಗಳನ್ನು ಕೊಡುವ ಸಂಪಾದಕರು ಈ ನಿರ್ಣಯವನ್ನೂ ಸೂಚಿಸುವ ಪದ್ಧತಿಯನ್ನಿಟ್ಟುಕೊಂಡರೆ ವಿದ್ಯಾರ್ಥಿಗೆ ಉಪಕಾರವಾಗುತ್ತದೆ.

ಕಾಣದಿರುವುದನ್ನೇ ಹೇತುವಾಗಿ ಮಾಡಿಕೊಂಡ ಒಂದು ಪ್ರಸಿದ್ಧ ಊಹೆಯ ಕಥೆಯನ್ನು ಇಲ್ಲಿ ನೆನೆಯಬೇಕು. ಶಾಸನಗಳ ಅಧ್ಯಯನದಲ್ಲಿ ಅಗ್ರಗಣ್ಯನಾದ ಫ್ಲೀಟನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಬ್ಬಲೂರಿನ ಶಾಸನಗಳನ್ನು ಪ್ರಕಟಿಸಿದಾಗ, ಅವುಗಳಲ್ಲಿ ಏಕಾಂತದ ರಾಮಯ್ಯನ ವಿಷಯ ವಿಸ್ತಾರವಾಗಿ ಬಂದುದನ್ನೂ ಶಾಸನಗಳಲ್ಲಿ ಬಸವಣ್ಣನವರ ಹೆಸರು ದೊರೆಯದುದನ್ನೂ ಕಂಡು, ಆ ಕಾಲದ ಶೈವ ಪುನರುಜ್ಜೀವನದ ಕೀರ್ತಿಯನ್ನು ಏಕಾಂತದ ರಾಮಯ್ಯನಿಗೆ ಸಲ್ಲಿಸುವತ್ತ ಒಲಿದನು. ಅವನ ವಿದ್ವತ್ತು ಸಂದೇಹಾತೀತ. ಹೇತು ಮಾತ್ರ ದುರ್ಬಲ. ಮೀಮಾಂಸಕರು ಅನುಪಲಬ್ಧಿಯನ್ನು ಒಂದು ಪ್ರಮಾಣವೆಂದು ಒಪ್ಪುವಾಗ ಒಂದು ಕಟ್ಟುಪಾಡನ್ನು ಹಾಕುತ್ತಾರೆ: ವಸ್ತುವು ಇದ್ದಿದ್ದರೆ ಕಾಣಲೇಬೇಕಾಗಿತ್ತೆಂಬ ಸ್ಥಿತಿಯಿದ್ದಾಗ ಮಾತ್ರ ಕಾಣದಿರುವುದು ಇಲ್ಲದಿರುವುದಕ್ಕೆ ಪ್ರಮಾಣ. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ. ಅಂದಿಗೆ ಕನ್ನಡ ನಾಡಿನ ಶಾಸನಗಳ ಬಹುಭಾಗ ಇನ್ನೂ ಕತ್ತಲೆಯ ಕೋಣೆಯಲ್ಲಿತ್ತು.

ಮುಂದೆ ಬೆಳಗಾವಿ ಜಿಲ್ಲೆಯ ಹುಕ್ಕೇರಿ ಸೀಮೆಯ ಅರ್ಜುನವಾಡದಲ್ಲಿ ಸೇವುಣರ ಕಾಲದ ಶಾಸನವೊಂದು ಬೆಳಕಿಗೆ ಬಂದಿತು. ಅದರ ಕಾಲ 1260, ಎಂದರೆ ಬಸವಣ್ಣನವರ ಅನಂತರ ಸುಮಾರು ಒಂದು ಶತಮಾನ. ಅದರಲ್ಲಿ ಬಸವರಾಜ, ಸಂಗನ ಬಸವ ಎಂಬ ಹೆಸರುಗಳಿವೆ. ಆ ಹೆಸರಿನವರು ಬಸವಣ್ಣನವರೇ ಎಂದು ತಿಳಿಯುವುದೂ ಶಾಸ್ತ್ರದ ಅರ್ಥದಲ್ಲಿ ಅನುಮಾನವೇ. ಆದರೆ ಸಂಗನ ಎಂಬ ವಿಶೇಷಣವೂ ಶೈವ ಸಂದರ್ಭವೂ ಅದಕ್ಕೆ ಬೆಂಬಲವಾಗಿರುವುದರಿಂದ ವಿದ್ವಾಂಸರು ಅಲ್ಲಿ 'ಇರಬಹುದು' ಎಂಬುದನ್ನು ಬಿಟ್ಟು 'ಇರಬೇಕು' ಎಂದು ಬರೆಯುವುದು ನ್ಯಾಯವಾಗಿದೆ. ಫ್ಲೀಟನು ಬರೆಯುತ್ತಿದ್ದ ದಿನಗಳಲ್ಲಿಯೂ ಆ ಕಲ್ಲು ಇದ್ದಿತ್ತು. ಓದಿದವರಿರಲಿಲ್ಲ.